ಮೇಲಿನ ಮನೆಯಲ್ಲಿ ಹಾಲುಕ್ಕಿದ ದಿನ

ಸೂಫಿಯಾ ನಮ್ಮ ಮೇಲಿನ ಮನೆಗೆ ಬಾಡಿಗೆಗೆ ಬರಬೇಕೆಂದು ತೀರ್ಮಾನ ಮಾಡಿದವಳು ನಾನು, ಶ್ರೀಜಾ, ಐದನೇ ಕ್ಲಾಸು. ಇದರಲ್ಲಿ ದೊಡ್ಡವರನ್ನು ಕೇಳುವುದೇನಿದೆ? ನಮ್ಮ ಮನೆ ಖಾಲಿ ಇತ್ತು. ಅವಳಿಗೆ ಮನೆ ಬೇಕಿತ್ತು. ಕ್ಲಾಸಿನಲ್ಲಿ ನನ್ನ ಪಕ್ಕ ಕೂರುವವಳು ಮನೆಯಲ್ಲಿ ನನ್ನ ತಲೆಯ ಮೇಲೆ ಇರುತ್ತಾಳೆ, ಅಷ್ಟೇ ತಾನೆ!

ಅವಳ ಅಮ್ಮಿ ಶರೀಫುನ್ನೀಸಾ ದನದ ಡಾಕ್ಟರು. ನಮ್ಮ ಕಡೂರಿಗೆ ವರ್ಗವಾದ ಮೇಲೂ ತಾಯಿ ಮಗಳು ದಿನಾ ತರೀಕೆರೆಯ ಅಜ್ಜ ದಾವೂದ್ ಸಾಬರ ಮನೆಯಿಂದ ಬಸ್ಸಿನಲ್ಲಿ ಜೋತಾಡುತ್ತಾ ಬರುತ್ತಿದ್ದರು. ಒಮ್ಮೆ ಆ ಡಾಕ್ಟರು ಅಜ್ಜಂಪುರದ ಹತ್ತಿರ ಒಂದು ಹೋರಿಗೆ ಇಂಜೆಕ್ಷನ್ ಚುಚ್ಚಿ, ಅದು ಅಟ್ಟಿಸಿಕೊಂಡು ಬಂದಾಗ ಸೀರೆ ಎತ್ತಿಕಟ್ಟಿ ಹುಣಸೆ ಮರ ಹತ್ತಿದ್ದರಂತೆ. ಅಂಥವರು ನಮ್ಮ ಮೇಲಿನ ಮನೆಯಲ್ಲಿ! ಖುಷಿಗೆ ನನಗೆ ಊಟವೇ ಸೇರಲಿಲ್ಲ.

ಅವರು ಮನೆ ನೋಡಲು ಬಂದಾಗ ನಮ್ಮಜ್ಜಿ ಶಾರದಾಂಬಾ ಗೇಟಿನ ತನಕ ಓಡಿದಳು. ದನದ ಡಾಕ್ಟರು ಎಂದು ಕೇಳಿ ಅವಳ ಮುಖ ಅರಳಿತು. ನೀರು ಇಪ್ಪತ್ತನಾಲ್ಕು ಗಂಟೆ ಬರುತ್ತೆ ಅಂದಳು, ಅದು ಶುದ್ಧ ಸುಳ್ಳು.

"ನಿಮ್ಮ ಹೆಸ್ರೇನಮ್ಮ?"

"ಶರೀಫುನ್ನೀಸಾ."

ಅಜ್ಜಿ ಗೇಟಿನ ಚಿಲಕ ಹಿಡಿದು ನಿಂತುಬಿಟ್ಟಳು. "ಅಯ್ಯೋ, ಮರ್ತೇ ಹೋಗಿತ್ತು ನೋಡಿ! ನಿನ್ನೆ ತಾನೇ ಬೇರೆಯೋರು ಒಪ್ಪಿಕೊಂಡು ಹೋದ್ರು."

"ಯಾರಜ್ಜಿ? ಯಾರೂ ಬಂದೇ ಇಲ್ವಲ್ಲ!" ಎಂದೆ ನಾನು. ಅಜ್ಜಿ ಹಿಂದಿನಿಂದ ನನ್ನ ಸೊಂಟ ಚಿವುಟಿದಳು. ಜಗಲಿಯಲ್ಲಿದ್ದ ಲಕ್ಷ್ಮೀಪತಿ ತಾತ ಪೇಪರಿನ ಹಿಂದೆ ಪೂರ್ತಿ ಮರೆಯಾದರು. ಡಾಕ್ಟರು ಮಾತ್ರ "ಪರವಾಗಿಲ್ಲಮ್ಮ" ಎಂದು ನಕ್ಕು, ಮಗಳನ್ನು ಕರೆದುಕೊಂಡು ಹೊರಟರು.

ನನ್ನ ಮೈಯೆಲ್ಲ ಉರಿದುಹೋಯಿತು. "ಯಾಕೆ ಸುಳ್ಳು ಹೇಳ್ದೆ?" ಎಂದು ಅಜ್ಜಿಯ ಸೆರಗು ಹಿಡಿದೆ.

"ಅವ್ರ ಅಡುಗೆ ವಾಸನೆ ನಮಗೆ ಆಗಲ್ಲ ಕಣೇ. ನಿಂಗೆ ಗೊತ್ತಾಗಲ್ಲ, ಸುಮ್ನಿರು."

ಗೊತ್ತಾಗಲ್ಲವಂತೆ! ಮುಂಚೆ ಆ ಮನೆಯಲ್ಲಿದ್ದ ಭಾರ್ಗವ ಅಂಕಲ್ ನಮ್ಮವರೇ, ದಿನಾ ಆಮ್ಲೆಟ್ ಹಾಕುತ್ತಿದ್ದರು. ಬೀದಿಗೆಲ್ಲ ಘಮ ಹೊಡೆಯುತ್ತಿತ್ತು. ಆಗ ಅಜ್ಜಿ, "ಪಾಪ, ಒಂಟಿ ಹುಡುಗ, ಮೈಗೆ ಹತ್ಲಿ ಬಿಡಿ" ಎನ್ನುತ್ತಿದ್ದಳು. ಇದನ್ನು ನೆನಪಿಸಿದ್ದಕ್ಕೆ ನನಗೆ ಸಂಜೆಯ ಟಿವಿ ಬಂದಾಯಿತು.

ಸೂಫಿಯಾ ಅತ್ತಿರುತ್ತಾಳೆ ಎಂದುಕೊಂಡು ಸ್ಕೂಲಿಗೆ ಹೋದರೆ, ಅವಳು ಊಟದ ಬಿಡುವಿನಲ್ಲಿ ನಾಟಕವನ್ನೇ ಆಡಿದಳು. ಒಬ್ಬ ಓನರ್ ಇವರನ್ನು ಕಂಡು ಹಿತ್ತಲ ಬಾಗಿಲಿನಿಂದ ಓಡಿಹೋದನಂತೆ, ಚಪ್ಪಲಿ ಬಿಟ್ಟು! ಇನ್ನೊಬ್ಬರು, "ನಮ್ಮ ಮಗನಿಗೆ ಮದುವೆ, ಮೇಲಿನ ಮನೆ ಅವನಿಗೇ ಬೇಕು" ಎನ್ನುವಾಗ ಆ ಮಗ ಯೂನಿಫಾರಂ ಚಡ್ಡಿಯಲ್ಲಿ ಐಸ್‌ಕ್ರೀಮ್ ನೆಕ್ಕುತ್ತಾ ಬಂದನಂತೆ. ನಾವು ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕೆವು. ನನಗೆ ನೀರು ನೆತ್ತಿಗೇರಿತು.

ನಗು ನಿಂತ ಮೇಲೆ ಅವಳು, "ಸೋಮವಾರದಿಂದ ನಾನು ಬರಲ್ಲ ಕಣೇ. ಅಮ್ಮಿಗೆ ಓಡಾಡಿ ಸಾಕಾಗಿದೆ. ನನ್ನನ್ನ ತರೀಕೆರೆ ಸ್ಕೂಲಿಗೇ ಹಾಕ್ತಾರೆ" ಎಂದಳು. ಅವತ್ತು ಶುಕ್ರವಾರ.

ಆಗಲೇ ನನಗೆ ಹೊಳೆದದ್ದು ಹಾಲು. ಯಾರೇ ಹೊಸದಾಗಿ ಮನೆಗೆ ಬಂದರೂ ಮೊದಲು ಒಲೆಯ ಮೇಲೆ ಹಾಲು ಉಕ್ಕಿಸಬೇಕು, ಉಕ್ಕಿ ಚೆಲ್ಲಿದರೆ ಆ ಮನೆ ಅವರದು ಎಂದು ಅಜ್ಜಿಯ ಕಾನೂನು. ಭಾರ್ಗವ ಅಂಕಲ್ ಬೆಳಗಿನ ಜಾವ ಹಾಡು ಪ್ರಾಕ್ಟೀಸ್ ಮಾಡುವ ಕಾಟಕ್ಕೆ ತಾತ ಮನೆ ಬಿಡಿಸೋಣ ಎಂದಾಗ, "ಹಾಲುಕ್ಕಿಸಿದೋರನ್ನ ನಾವಾಗಿ ಆಚೆ ಕಳಿಸಬಾರ್ದು ಕಣ್ರೀ, ಮನೆಗೆ ಏಳಿಗೆ ಇರಲ್ಲ" ಎಂದು ಅವಳು ತಾತನ ಬಾಯಿ ಮುಚ್ಚಿಸಿದ್ದಳು.

"ನಾಳೆ ಹಾಲು ತಾ. ನಿಮ್ಮದೇ ಹಾಲಾಗಿರ್ಬೇಕು," ಎಂದೆ ಸೂಫಿಯಾಗೆ.

ಶನಿವಾರ ಅರ್ಧ ದಿನ ಸ್ಕೂಲು. ಸೂಫಿಯಾ ನೀರಿನ ಬಾಟಲಿಯಲ್ಲಿ ಹಾಲು ತಂದಳು. ಅಜ್ಜಿ ತಾತ ಊಟ ಮಾಡಿ ಫ್ಯಾನಿನ ಕೆಳಗೆ ಗೊರಕೆ ಹೊಡೆಯುತ್ತಿದ್ದರು. ನಾನು ಮೊಳೆಯಿಂದ ಮೇಲಿನ ಮನೆಯ ಕೀ ಎಗರಿಸಿದೆ. ಭಾರ್ಗವ ಅಂಕಲ್ ಬಿಟ್ಟುಹೋದ ಕರೆಂಟ್ ಒಲೆಯೂ ಒಂದು ಸೊಟ್ಟ ಪಾತ್ರೆಯೂ ಮೇಲೇ ಇದ್ದವು. ಒಲೆಯನ್ನು ಪೂರ್ವಕ್ಕೆ ತಿರುಗಿಸಿ ಸ್ವಿಚ್ ಹಾಕಿದೆವು.

ಹಾಲು ಏಳುತ್ತಾ ಬಂತು. ಇನ್ನೇನು ಉಕ್ಕಬೇಕು, ಅಷ್ಟರಲ್ಲಿ ಸೂಫಿಯಾ ಬಗ್ಗಿ ಉಫ್ ಎಂದು ಊದಿಬಿಟ್ಟಳು! ಹಾಲು ಇಳಿದುಹೋಯಿತು.

"ಯಾಕೇ ಊದ್ದೆ, ಕತ್ತೆ?"

"ಅಭ್ಯಾಸ ಕಣೇ! ಹಾಲುಕ್ಕಿದ್ರೆ ಅಮ್ಮಿ ಬೆನ್ನಿಗೆ ಕೊಡ್ತಾರೆ!"

ಮತ್ತೆ ಎದ್ದಿತು, ಮತ್ತೆ ಊದಿದಳು. ಮೂರನೇ ಸಲ ನಾನು ಅವಳ ಬಾಯಿ ಗಟ್ಟಿಯಾಗಿ ಮುಚ್ಚಿದೆ. ಅವಳು ನನ್ನ ಅಂಗೈಯೊಳಗೇ ಕಿಸಿಕಿಸಿ ನಗುತ್ತಿದ್ದಳು. ಹಾಲು ಭರ್ರೆಂದು ಉಕ್ಕಿ ಒಲೆಯ ಮೇಲೆಲ್ಲ ಚೆಲ್ಲಿತು. ಪಟ್ ಎಂದು ಕಿಡಿ ಹಾರಿ ಇಡೀ ಮನೆಯ ಕರೆಂಟು ಹೋಯಿತು. ನಾವು ಕಿಟಾರನೆ ಕಿರುಚಿ ಬಾಗಿಲಿಗೆ ಹಾರಿದೆವು, ಆಮೇಲೆ ಅಲ್ಲೇ ಕೈ ಕೈ ಹಿಡಿದು ಕುಣಿದೆವು.

ಫ್ಯಾನು ನಿಂತದ್ದಕ್ಕೆ ಅಜ್ಜಿಗೆ ಎಚ್ಚರವಾಗಿ, ಶಬ್ದ ಕೇಳಿ ಮೆಟ್ಟಿಲು ಹತ್ತಿ ಬಂದಳು. ಹರಿಯುತ್ತಿದ್ದ ಹಾಲು ಕಂಡದ್ದೇ ಅವಳ ಕೈಗಳು ತಾವಾಗಿಯೇ ಮುಗಿದುಕೊಂಡವು. "ಪೂರ್ವಕ್ಕೆ ಉಕ್ತೇನೇ?" ಎಂದಳು. ಆಮೇಲೆ ಪಕ್ಕದಲ್ಲಿದ್ದ ಸೂಫಿಯಾಳನ್ನು ನೋಡಿದಳು.

"ಪೂರ್ವಕ್ಕೇ ಅಜ್ಜಿ! ಅವ್ರ ಹಾಲೇ! ಇನ್ನು ಕಳ್ಸೋ ಹಾಗಿಲ್ಲ!"

ಮಗಳು ಬಸ್‌ಸ್ಟ್ಯಾಂಡಿಗೆ ಬಾರದ್ದರಿಂದ ಹುಡುಕುತ್ತಾ ಡಾಕ್ಟರೂ ಅಷ್ಟರಲ್ಲಿ ಬಂದರು. ವಿಷಯ ತಿಳಿದು ಅವರ ಮುಖ ಕೆಂಪಾಯಿತು. "ತಪ್ಪು ತಿಳ್ಕೋಬೇಡಿ, ಮಕ್ಕಳು," ಎಂದು ತಮ್ಮ ಕರ್ಚೀಫಿನಿಂದಲೇ ಹಾಲು ಒರೆಸಲು ಕೂತರು.

ಅಜ್ಜಿ ಹೊಸ್ತಿಲ ಮೇಲೆ ಕುಸಿದು ಕೂತಳು. "ಬಿಡಮ್ಮ. ಹಾಲುಕ್ಕಿ ಆಯ್ತು. ಇನ್ನು ಈ ಮನೆ ನಿಮ್ದೇ."

ನಾನು ಹೋ ಎಂದು ಕೂಗಬೇಕೆಂದು ಬಾಯಿ ತೆರೆದೆ. ಡಾಕ್ಟರು ಬೇಡವೆಂದು ತಲೆಯಾಡಿಸಿದರು. "ಹಾಲಿಗೆ ಹೆದರಿ ಕೊಡೋದು ಬೇಡಮ್ಮ. ದಿನಾ ಹೆದರ್ಕೊಂಡು ಇರ್ತೀರಿ. ಅಲ್ದೆ, ಒಪ್ಕೊಂಡು ಹೋದೋರು ಇದಾರಲ್ಲ?"

ಅಜ್ಜಿ ಹಾಲನ್ನೇ ನೋಡುತ್ತಾ ಕೂತಿದ್ದಳು. ತಲೆ ಎತ್ತದೆಯೇ ಹೇಳಿದಳು: "ಯಾರೂ ಬಂದಿರ್ಲಿಲ್ಲ. ನಿನ್ನ ಹೆಸ್ರು ಕೇಳಿ ಸುಳ್ಳು ಹೇಳ್ದೆ. ಬೇಡ ಅಂದಿದ್ದೂ ಹೆದ್ರಿಕೆಗೇ ಕಣಮ್ಮ. ಏನು ಹೆದ್ರಿಕೆ ಅಂತ ಕೇಳಿದ್ರೆ ನಂಗೇ ಗೊತ್ತಿಲ್ಲ."

"ಇದನ್ನ ಬಾಯಿಬಿಟ್ಟು ಹೇಳಿದೋರು ನೀವೊಬ್ರೇ," ಎಂದರು ಡಾಕ್ಟರು. "ಮನೆ ನಂಗೆ ಇಷ್ಟ ಆಯ್ತು. ಬರ್ತೀವಿ."

ಅಜ್ಜಿ ನನ್ನ ಕೈಯಿಂದ ಕೀ ಕಿತ್ತುಕೊಂಡು ಅವರತ್ತ ಚಾಚಿದಳು. ಡಾಕ್ಟರು ಕೈಯೊಡ್ಡಿದರು. ಆದರೆ ಹೇಗೆ ಒಡ್ಡಿದರು! ಅಂಗೈ ಗುಳಿ ಮಾಡಿ, ಅಜ್ಜಿಯ ಕೈಗಿಂತ ಒಂದು ಗೇಣು ಕೆಳಗೆ, ಮುಟ್ಟದೆ ಮೇಲಿನಿಂದ ಹಾಕಿದ್ದನ್ನು ಹಿಡಿದುಕೊಳ್ಳುವವರ ಹಾಗೆ. ಹೋರಿಯನ್ನು ಹಿಡಿಯುವ ಕೈ ಅದು. ನಮ್ಮಜ್ಜಿ ಎಷ್ಟೋ ಜನರಿಗೆ ಹಾಗೆ ಮೇಲಿನಿಂದ ಹಾಕುವುದನ್ನು ನಾನು ನೋಡಿದ್ದೆ. ಕೆಳಗಿನ ಕೈಯನ್ನು ನೋಡಿದ್ದು ಅವತ್ತೇ.

ಅಜ್ಜಿಯೂ ಅದನ್ನೇ ನೋಡುತ್ತಿದ್ದಳು. "ಹಿಂಗೆ ಕೈಯೊಡ್ಡೋದು ಯಾವಾಗ ಕಲ್ತೆಯಮ್ಮ?"

"ಇವಳಷ್ಟಿದ್ದಾಗ," ಎಂದು ಡಾಕ್ಟರು ನನ್ನ ಕಡೆ ನೋಡಿದರು.

ಅಜ್ಜಿ ಬಗ್ಗಿ, ಆ ಕೈಯನ್ನು ತನ್ನ ಎಡಗೈಯಿಂದ ಮೇಲಕ್ಕೆತ್ತಿ, ಕೀ ಇಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸಿದಳು. ಬಿಡಲೇ ಇಲ್ಲ. ನನಗೆ ಅದೇನಾಯಿತೋ, ಗೊಳೋ ಎಂದು ಅತ್ತುಬಿಟ್ಟೆ.

"ಲೇ, ಮನೆ ಸಿಕ್ತು ಕಣೇ! ಈಗ ಅಳ್ತೀಯಲ್ಲೇ, ಹುಚ್ಚಿ!" ಎಂದು ಸೂಫಿಯಾ ನನ್ನ ಜಡೆ ಹಿಡಿದು ಜಗ್ಗಿದಳು.