ಗಂಡನ ಹೆಸರಿನ ಪರೀಕ್ಷೆ

ಲಕ್ವಾ ಹೊಡೆದು ಬಲಗೈ ಬಿದ್ದುಹೋದ ಕಟಕೋಳದ ಕಾಡವ್ವನನ್ನು ಗಂಡ ಮಾಳಪ್ಪ ಚಕ್ಕಡಿಯಲ್ಲಿ ರಾಮದುರ್ಗಕ್ಕೆ ಕರೆತಂದ. ಅಲ್ಲಿ ಬಿಳಿಯ ಡಾಕ್ಟರ್ ಸಾಹೇಬನೊಬ್ಬ ಬಂದು ಬಿಡಾರ ಹೂಡಿದ್ದ. ಬಲಗೈ ಬಿದ್ದವರ ಮಾತೂ ಬಿದ್ದುಹೋಗುತ್ತದೆಯೇ ಎಂದು ಊರೂರು ತಿರುಗಿ ಪರೀಕ್ಷಿಸುವುದೇ ಅವನ ಕೆಲಸ.

ಅವನು ಕಲಿತ ಕನ್ನಡದಲ್ಲಿ ಕೇಳಿದ: "ನಿನ್ನ ಗಂಡನ ಹೆಸರೇನು?"

ಕಾಡವ್ವ ಕಂಗಾಲಾದಳು. ಲಗ್ನವಾದಂದಿನಿಂದ ಆ ಹೆಸರು ಅವಳ ಬಾಯಲ್ಲಿ ಬಂದದ್ದೇ ಇಲ್ಲ. ಈಗ ಬಾಗಿಲಲ್ಲಿ ನೆರೆದ ಇಷ್ಟು ಮಂದಿಯ ಎದುರು ಗಂಡನ ಹೆಸರು ಹಿಡಿಯುವುದೆಂದರೇನು? ಎಡಗೈಯಿಂದ ಸೆರಗು ಎಳೆದುಕೊಂಡು ತುಟಿ ಬಿಗಿದಳು. ಡಾಕ್ಟರ್ ದನಿ ಏರಿಸಿ ಮತ್ತೆ ಕೇಳಿದ. ಅವಳು ನೆಲ ನೋಡಿದಳು.

"ನಾನು ಎಣಿಸಿದಂತೆಯೇ ಆಯಿತು!" ಎಂದು ಡಾಕ್ಟರ್ ಹಿಗ್ಗಿಹೋದ. ಮಾಳಪ್ಪನ ಕಡೆ ತಿರುಗಿ, "ಇವಳ ಮಾತು ಹೋಗಿದೆ. ಇನ್ನು ಬರುವುದಿಲ್ಲ" ಎಂದ.

ದಾರಿಯುದ್ದಕ್ಕೂ ಹೆಂಡತಿಯಿಂದ ಬೈಸಿಕೊಂಡು ಬಂದಿದ್ದ ಮಾಳಪ್ಪ ಎರಡೂ ಕೈ ಮುಗಿದ. "ಖರೇನ ಸಾಹೇಬ್ರ? ನಿಮ್ಮ ಬಾಯಾಗ ಸಕ್ರಿ ಹಾಕಬೇಕು ನೋಡ್ರಿ!"

"ಏನಂದ್ರಿ?" ಕಾಡವ್ವ ದಡಕ್ಕನೆ ತಲೆ ಎತ್ತಿದಳು. "ನನ್ನ ಮಾತು ಹೋಗಲಿ ಅಂತ ಹರಕಿ ಹೊತ್ತಿದ್ರೇನು? ಮನಿಗೆ ನಡೀರಿ, ತೋರಸ್ತೇನಿ! ಮತ್ತ ಸಾಹೇಬ್ರ, ಮಂದ್ಯಾಗ ಗಂಡನ ಹೆಸರ ಹೇಳು ಅನ್ನೂದು ಯಾವ ರೀತಿರಿ?"

ಡಾಕ್ಟರ್ ಬಾಯಿ ತೆರೆದ. ಮಾತು ಹೊರಡಲಿಲ್ಲ.

ಕಾಡವ್ವನಿಗೆ ಪಾಪ ಅನಿಸಿತು. ಹೊರಗೆ ಪಾಳಿ ಕಾಯುತ್ತಿದ್ದ ಹೆಂಗಸರ ಕಡೆ ಕಣ್ಣು ಹಾಯಿಸಿ, ದನಿ ತಗ್ಗಿಸಿ ಹೇಳಿದಳು:

"ನನ್ನ ಮಾತು ಕೇಳ್ರಿ. ಅವರಿಗೆ ಗಂಡನ ಹೆಸರ ಬ್ಯಾಡ, ಅವರವರ ಅತ್ತಿ ಸುದ್ದಿ ಕೇಳ್ರಿ. ಅದಕ್ಕೂ ಸುಮ್ಮನ ಕುಂತಾಕಿ ಯಾರರ ಇದ್ರ, ಆಕಿ ಮಾತು ಖರೇನ ಹೋಗೇತಿ ಅಂತ ತಿಳೀರಿ."