ಡೀಸೆಲ್ ಪಕ್ಷದವಳು

ಆ ಮನೆಯಲ್ಲಿ ಕರೆಂಟು ಹೋದರೆ ಯಾರೂ ಮೇಣದಬತ್ತಿ ಹುಡುಕುತ್ತಿರಲಿಲ್ಲ, ಹಿರಿಸೊಸೆಯನ್ನು ಹುಡುಕುತ್ತಿದ್ದರು. ಮನೆಗೆ ಬೆನ್ನು ಹಚ್ಚಿಕೊಂಡೇ ಹ್ಯಾಚರಿ. ಉದ್ದನೆಯ ಕೋಣೆಯಲ್ಲಿ ಬೀರುವಿನಷ್ಟು ಎತ್ತರದ ಕಾವಿನ ಪೆಟ್ಟಿಗೆಗಳು, ಒಳಗೆ ಅಂತಸ್ತು ಅಂತಸ್ತಾಗಿ ಮೊಟ್ಟೆಯ ತಟ್ಟೆಗಳು. ತಾಯಿಕೋಳಿ ಮಾಡುವ ಕೆಲಸವನ್ನು ಅಲ್ಲಿ ಕರೆಂಟು ಮಾಡುತ್ತಿತ್ತು. ಕರೆಂಟು ಕೈಕೊಟ್ಟರೆ ಹಿತ್ತಲ ಶೆಡ್ಡಿನ ಡೀಸೆಲ್ ಜನರೇಟರು ಮಾಡುತ್ತಿತ್ತು. ಜನರೇಟರಿನ ಕೈಯಲ್ಲಿ ಮಾಡಿಸುವವಳು ಹಿರಿಸೊಸೆ.

ಹ್ಯಾಚರಿ ಕಟ್ಟಿದವರು ಅತ್ತೆ. ಜನರೇಟರಿಗೆ ಗುಡುಗಪ್ಪ ಎಂದು ಹೆಸರಿಟ್ಟವರೂ ಅವರೇ. ಅದು ಗುಡುಗಿದ ಸದ್ದು ಕೇಳಿದ ಕೂಡಲೇ ಎಲ್ಲಿದ್ದರೂ, "ಹಿರಿಯವಳಿದ್ದಾಳೆ, ಇನ್ನು ಚಿಂತೆಯಿಲ್ಲ" ಎನ್ನುತ್ತಿದ್ದರು. ಆ ಒಂದು ಮಾತಿಗಾಗಿ ಹಿರಿಸೊಸೆ ಉಣ್ಣುತ್ತಿದ್ದ ತಟ್ಟೆ ಬಿಟ್ಟು ಓಡಿದ್ದುಂಟು, ತಲೆಗೆ ಹಾಕಿದ ಸೋಪು ತೊಳೆಯದೆ ಓಡಿದ್ದೂ ಉಂಟು.

ಕಿರಿಸೊಸೆ ಬಂದ ಮೇಲೆ ಆ ಮಾತಿನ ತೂಕ ಇಳಿಯಿತು. ಅತ್ತೆ ಮಾತನ್ನೇನೂ ನಿಲ್ಲಿಸಿರಲಿಲ್ಲ. ಆದರೆ ಕಿರಿಯವಳಿಗೆ ಬೇರೆ ಮಾತುಗಳು ಸಿಗತೊಡಗಿದ್ದವು. ಲೆಕ್ಕಪತ್ರ ಓದಿದ ಹುಡುಗಿ, ದನಿ ಏರಿಸದೆ ಮಾತಾಡುವವಳು. ಅವಳು ಬಾಯಿ ತೆರೆದರೆ ಸಾಕು, ಅತ್ತೆ ಕನ್ನಡಕ ಹಾಕಿಕೊಳ್ಳುತ್ತಿದ್ದರು. ಕಾಗದ ಓದುವುದಕ್ಕಲ್ಲ, ಕೇಳಿಸಿಕೊಳ್ಳುವುದಕ್ಕೆ! ಇಷ್ಟು ವರ್ಷಗಳಲ್ಲಿ ತನ್ನ ಮಾತಿಗೆ ಅತ್ತೆ ಒಮ್ಮೆಯೂ ಕನ್ನಡಕ ಹುಡುಕಿದವರಲ್ಲ ಎಂಬುದು ಹಿರಿಸೊಸೆಯ ಎದೆಯಲ್ಲಿ ಮೀನಿನ ಮುಳ್ಳಿನಂತೆ ಕೂತಿತ್ತು. ನುಂಗಿದರೆ ಇಳಿಯದು, ಉಗುಳಿದರೆ ಬಾರದು.

ಆಗಿನಿಂದ ಗುಡುಗಪ್ಪ ಹೆಚ್ಚು ಗುಡುಗತೊಡಗಿದ. ಮೊದಲೆಲ್ಲ ಕರೆಂಟು ಹೋದಾಗ ಮಾತ್ರ ಓಡುತ್ತಿದ್ದವನು ಈಗ ದೀಪ ಒಮ್ಮೆ ಮಿಣುಕಿದರೂ ಓಡಿದ, ಮೋಡ ಕವಿದರೂ ಓಡಿದ. ಕರೆಂಟು ಬಂದ ಮೇಲೂ, "ಮತ್ತೆ ಹೋದರೆ?" ಎಂದು ಇನ್ನಷ್ಟು ಹೊತ್ತು ಓಡಿದ. ಬಾಗಿಲು ತೆರೆಯದೆ ಬಿಟ್ಟರೆ ಪೆಟ್ಟಿಗೆಗಳು ಒಂದಿಷ್ಟು ಹೊತ್ತು ಕಾವು ಹಿಡಿದಿಟ್ಟುಕೊಳ್ಳುತ್ತವೆಂದು ಅವಳಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಆದರೂ ಓಡಿಸಿದಳು. ಆ ವರ್ಷ ಸುಟ್ಟ ಡೀಸೆಲ್ಲಿನಲ್ಲಿ ಕರೆಂಟಿನ ಪಾಲೆಷ್ಟು, ಹೊಟ್ಟೆಕಿಚ್ಚಿನ ಪಾಲೆಷ್ಟು ಎಂದು ಅಳೆದು ಹೇಳುವುದು ಕಷ್ಟ.

ಒಂದು ಮಧ್ಯಾಹ್ನ ಹಾಗೇ ಓಡಿಸಿಕೊಂಡು ನಿಂತಿದ್ದಾಗ ಕಿರಿಯವಳು ಶೆಡ್ಡಿನ ಬಾಗಿಲಿಗೆ ಬಂದಳು. ಅವಳ ಬೆನ್ನ ಹಿಂದೆ, ರಸ್ತೆಯಾಚೆಯ ಅಂಗಡಿಯಲ್ಲಿ, ವೆಲ್ಡಿಂಗಿನ ನೀಲಿ ಕಿಡಿಗಳು ಚಟಪಟ ಸಿಡಿಯುತ್ತಿದ್ದವು. ಬೀದಿಯಲ್ಲಿ ಕರೆಂಟಿತ್ತು. ಕಿರಿಯವಳು ಒಮ್ಮೆ ಹಿಂದಕ್ಕೆ ತಿರುಗಿ ಕಿಡಿ ನೋಡಿದಳು, ಒಮ್ಮೆ ಗುಡುಗಪ್ಪನನ್ನು ನೋಡಿದಳು. "ಅಕ್ಕಾ, ಟೀ ಆಗಿದೆ" ಎಂದಷ್ಟೇ ಹೇಳಿ ಹೋದಳು.

ಇಷ್ಟು ಓಡಿಸಿದರೆ ಯಂತ್ರ ತಾನೇ ಏನು ಮಾಡೀತು? ಕರಿಹೊಗೆ ಉಗುಳತೊಡಗಿತು. ಮೆಕ್ಯಾನಿಕ್ ಗ್ರೀಸಣ್ಣ ಬಂದು ಕಿವಿಗೊಟ್ಟು ಕೇಳಿದ. "ಎಂಜಿನ್ ಪೂರ್ತಿ ಬಿಚ್ಚಿ ಕಟ್ಟಬೇಕಮ್ಮಾ. ಪಾಪ, ಬಾಳಾ ದುಡಿಸಿದ್ದೀರಿ" ಎಂದ.

ಅದೇ ತಿಂಗಳು ಬೀದಿಯಲ್ಲಿ ಗ್ಯಾಸಿನ ಪೈಪು ಬಂತು. ಊಟದ ಹೊತ್ತಿಗೆ ಕಿರಿಯವಳು ಮೆಲ್ಲಗೆ, "ಅತ್ತೆ, ಬಿಚ್ಚಿ ಕಟ್ಟಿಸೋ ಮೊದಲು ಗ್ಯಾಸಿನ ಜನರೇಟರು ಹೇಗೆ ಅಂತಾನೂ ನೋಡೋಣ್ವಾ? ಹತ್ತು ವರ್ಷಕ್ಕೆ ಯಾವುದು ಅಗ್ಗ ಅಂತ ತಾಳೆ ಹಾಕ್ತೀನಿ" ಎಂದಳು. ಆಮೇಲೆ ಹಿರಿಯವಳ ಕಡೆ ತಿರುಗಿ, "ಅದು ತಾನೇ ಸ್ಟಾರ್ಟ್ ಆಗುತ್ತಂತೆ ಅಕ್ಕಾ. ನೀವು ಓಡಾಡೋದು ತಪ್ಪುತ್ತೆ" ಎಂದು ಸೇರಿಸಿದಳು.

ಅತ್ತೆಯ ಕೈ ಕನ್ನಡಕದತ್ತ ಹೋಯಿತು.

ಹಿರಿಸೊಸೆ ತಟ್ಟೆ ಪಕ್ಕಕ್ಕೆ ಸರಿಸಿದಳು. ಓಡಾಡುವುದು ತಪ್ಪಿದರೆ ಈ ಮನೆಯಲ್ಲಿ ತನ್ನನ್ನು ಕರೆಯುವುದಾದರೂ ಯಾಕೆ? ಪಾತ್ರೆ ತೊಳೆಯೋಕೆ?

ಗಂಡನ ಮುಂದೆ ಗೊಣಗಿದಾಗ ಅವನು ನಕ್ಕುಬಿಟ್ಟ. "ಆ ಡಬ್ಬ ಹೋದ್ರೆ ಅಳ್ತೀಯಾ ಏನು?"

"ನಿಮ್ಮನ್ನ ಸಾಗಹಾಕಿ ಅದನ್ನೇ ಇಟ್ಕೋತೀನಿ. ಅದಾದ್ರೂ ಕರೆದ ತಕ್ಷಣ ಏಳುತ್ತೆ."

ಭಾನುವಾರ ಎಲ್ಲರೂ ಊಟದ ಮೇಜಿನ ಸುತ್ತ ಕೂತರು. ಗ್ರೀಸಣ್ಣನೂ ಬಂದು ಗೋಡೆಗೊರಗಿ ನಿಂತ. ಕಿರಿಯವಳು ಬಿಡಿಸಿ ಹೇಳಿದಳು. "ಡೀಸೆಲ್ಲಿಗೆ ಈಗ ಖರ್ಚು ಕಡಿಮೆ. ಎಂಜಿನ್ ಕಟ್ಟಿಸಿದ್ರಾಯ್ತು. ಆದ್ರೆ ಓಡಿಸಿದಷ್ಟೂ ಕುಡಿಯುತ್ತೆ, ಆಯಿಲ್ಲು, ಫಿಲ್ಟರು ಅಂತ ಕೇಳ್ತಾನೇ ಇರುತ್ತೆ. ಗ್ಯಾಸಿಗೆ ಈಗ ದೊಡ್ಡ ಗಂಟು ಸುರೀಬೇಕು, ಓಡಿಸುವಾಗ ಹಗುರ. ಒಟ್ನಲ್ಲಿ ಕಡಿಮೆ ಓಡಿಸೋರಿಗೆ ಡೀಸೆಲ್ಲು, ಜಾಸ್ತಿ ಓಡಿಸೋರಿಗೆ ಗ್ಯಾಸು. ನಮ್ಮ ಜನರೇಟರಿನ ಮೀಟರು ತೋರಿಸೋ ಗಂಟೆ ಹಿಡಿದು ನೋಡಿದ್ರೆ ಆರನೇ ವರ್ಷಕ್ಕೇ ಗ್ಯಾಸು ಹಾಕಿದ ದುಡ್ಡು ವಾಪಸ್ ಕೊಡುತ್ತೆ."

"ಇಷ್ಟೊಂದು ಗಂಟೆ ಓಡಿದೆಯಾ?" ಅತ್ತೆ ಹುಬ್ಬು ಗಂಟಿಕ್ಕಿದರು. "ನಮ್ಮ ಬೀದೀಲಿ ಅಷ್ಟು ಕರೆಂಟು ಹೋಗುತ್ತೇನೇ?"

ಕಿರಿಯವಳು ಲೆಕ್ಕದ ಕಾಗದದಿಂದ ತಲೆ ಎತ್ತಲಿಲ್ಲ.

"ಹೋಗಿ ಬಂದು ಮಾಡುತ್ತಲ್ಲ ಅತ್ತೆ. ಮೊಟ್ಟೆ ವಿಷಯ, ಅಕ್ಕ ಹುಷಾರಾಗಿರ್ತಾರೆ. ಸುಮ್ಸುಮ್ನೆ ಓಡಿಸೋರಲ್ಲ ಅವರು."

ಹಿರಿಸೊಸೆಯ ಕಿವಿ ಬಿಸಿಯಾಯಿತು. ವೆಲ್ಡಿಂಗಿನ ನೀಲಿ ಕಿಡಿಗಳು ಕಣ್ಣೆದುರು ಸಿಡಿದವು. ಇವಳಿಗೆ ಎಲ್ಲ ಗೊತ್ತು! ಗೊತ್ತಿದ್ದೂ ಮುಚ್ಚಿಡುತ್ತಿದ್ದಾಳೆ. ಬುದ್ಧಿವಂತೆ ಎನ್ನಿಸಿಕೊಂಡಳು, ಮನೆಯವರ ಅಚ್ಚುಮೆಚ್ಚೂ ಆದಳು. ಉಳಿದಿದ್ದು ಒಂದೇ, ಒಳ್ಳೆಯತನ. ಅದನ್ನೂ ಕೊಳ್ಳೆ ಹೊಡೆಯಲು ಹೊರಟಿದ್ದಾಳೆ. ಬಾಯಿ ಮುಚ್ಚಿಕೊಂಡು ಕೂತರೆ ಗುಡುಗಪ್ಪ ಗುಜರಿಗೆ ಹೋಗುತ್ತಾನೆ, ತನ್ನ ಮಾನ ಉಳಿಯುತ್ತದೆ. ಅದೂ ಇವಳು ಕೊಟ್ಟ ಭಿಕ್ಷೆಯಾಗಿ. ದಿನಾ ಬೆಳಗ್ಗೆ ಇವಳ ಮುಖ ನೋಡಿದಾಗಲೆಲ್ಲ ಆ ಭಿಕ್ಷೆ ನೆನಪಾಗುತ್ತದೆ. ಇವಳೋ ಅದನ್ನು ಬಾಯಿಬಿಟ್ಟು ಹೇಳುವವಳೂ ಅಲ್ಲ, ಇನ್ನೂ ಮೆತ್ತಗೆ "ಅಕ್ಕಾ, ಟೀ ಆಗಿದೆ" ಎನ್ನುತ್ತಾಳೆ. ಅದನ್ನು ಹೇಗೆ ಸಹಿಸುವುದು?

"ಅರ್ಧಕ್ಕರ್ಧ ನಾನು ಸುಮ್ಮನೆ ಓಡಿಸಿದ್ದು" ಎಂದಳು ಹಿರಿಸೊಸೆ.

ಎಲ್ಲರೂ ತಿರುಗಿದರು. ಗ್ರೀಸಣ್ಣ ಗೋಡೆಯಿಂದ ಬೆನ್ನು ಎತ್ತಿದ.

"ಕರೆಂಟು ಇದ್ದಾಗ್ಲೂ ಓಡಿಸ್ತಿದ್ದೆ. ಇವಳಿಗೂ ಗೊತ್ತು, ಕಣ್ಣಾರೆ ನೋಡಿದ್ದಾಳೆ. ನನ್ನ ಮುಖ ನೋಡಿ ಹೇಳ್ಲಿಲ್ಲ ಅಷ್ಟೇ. ಆ ಗಂಟೆಗಳನ್ನ ತೆಗೆದು ಲೆಕ್ಕ ಹಾಕೇ ಕಿರಿಯವಳೇ."

"ಯಾಕೇ ಓಡಿಸ್ತಿದ್ದೆ?" ಅತ್ತೆಯ ದನಿಯಲ್ಲಿ ಸಿಟ್ಟಿಗಿಂತ ಬೆರಗು ಹೆಚ್ಚಿತ್ತು.

"ನಿಮಗೆ ಕೇಳಿಸ್ಲಿ ಅಂತ."

ಹೇಳಿಬಿಟ್ಟ ಮೇಲೆ ನಾಲಿಗೆ ಕಚ್ಚಿಕೊಂಡರೂ ಪ್ರಯೋಜನವಿರಲಿಲ್ಲ. ಗಂಡ ನೀರಿನ ಲೋಟ ಎತ್ತಿ ಕುಡಿಯದೆ ಕೆಳಗಿಟ್ಟ. ಕಿರಿಯವಳು ಕಾಗದ ತಿರುಗಿಸಿ ಹಿಂಬದಿಯಲ್ಲಿ ಬರೆಯತೊಡಗಿದಳು. ಎರಡು ಸಲ ಅಳಿಸಿದಳು.

"ನಿಜವಾಗಿ ಕರೆಂಟು ಹೋದಷ್ಟೇ ಓಡಿಸಿದ್ರೆ..." ಎಂದು ನಿಲ್ಲಿಸಿ, ಇನ್ನೊಮ್ಮೆ ನೋಡಿ, "ಹತ್ತು ವರ್ಷ ಕಳೆದ್ರೂ ಡೀಸೆಲ್ಲೇ ಅಗ್ಗ ಅತ್ತೆ. ಗ್ಯಾಸಿಗೆ ಹಾಕಿದ ಗಂಟು ಅಷ್ಟರೊಳಗೆ ವಾಪಸ್ ಬರೋದೇ ಇಲ್ಲ" ಎಂದಳು.

ಅತ್ತೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಹಿರಿಸೊಸೆಯನ್ನು ಬರಿಗಣ್ಣಿನಿಂದ ಬಹಳ ಹೊತ್ತು ನೋಡಿದರು. ಬೈಗುಳ ಬಂದಿದ್ದರೆ ತಡೆದುಕೊಳ್ಳಬಹುದಿತ್ತು.

"ಗ್ರೀಸಣ್ಣಾ, ನಾಳೇನೇ ಎಂಜಿನ್ ಬಿಚ್ಚು" ಎಂದರು ಕೊನೆಗೆ. "ಆದ್ರೆ ಇನ್ಮೇಲೆ ಕೀ ಒಬ್ಬಳ ಕೈಲೇ ಇರೋದು ಬೇಡ. ಹಿರಿಯವಳೇ, ಇವಳಿಗೂ ಕಲಿಸು. ನಿನಗೆ ಜ್ವರ ಬಂದ್ರೆ ನನ್ನ ಮೊಟ್ಟೆಗಳ ಗತಿ ಏನು?"

ಇಷ್ಟು ಹೊತ್ತು ಗೆದ್ದೆನೋ ಸೋತೆನೋ ಎಂದು ತಿಳಿಯದೆ ಕೂತಿದ್ದ ಹಿರಿಸೊಸೆಗೆ ಈಗ ತಿಳಿಯಿತು. ಯಂತ್ರ ಉಳಿಯಿತು, ಅದರಲ್ಲಿ ಅರ್ಧ ಹೋಯಿತು.

ಅಡುಗೆಮನೆಯಲ್ಲಿ ಕಿರಿಯವಳು ಹತ್ತಿರ ಬಂದು ನಿಂತಳು. "ನಾನಂತೂ ಹೇಳ್ತಿರ್ಲಿಲ್ಲ ಅಕ್ಕಾ."

"ಗೊತ್ತು. ಅದಕ್ಕೇ ಹೇಳಿದ್ದು."

ಎಂಜಿನ್ ಕಟ್ಟಿ ಮುಗಿದ ದಿನ ಇಬ್ಬರೂ ಶೆಡ್ಡಿಗೆ ಹೋದರು. ಹಿರಿಸೊಸೆ ಒಂದೊಂದಾಗಿ ತೋರಿಸಿದಳು: ಆಯಿಲ್ ಎಲ್ಲಿ ನೋಡಬೇಕು, ದೊಡ್ಡ ಸ್ವಿಚ್ಚನ್ನು ಯಾವಾಗ ತಿರುಗಿಸಬೇಕು. ಏನನ್ನಾದರೂ ಬಚ್ಚಿಟ್ಟುಕೊಳ್ಳೋಣ ಎಂದು ಮನಸ್ಸು ಹೊಂಚು ಹಾಕುತ್ತಲೇ ಇತ್ತು. ಆದರೆ ಕಿರಿಯವಳು ಕೇಳುವ ರೀತಿಗೆ ಎಲ್ಲವೂ ತಾನಾಗಿಯೇ ಬಾಯಿಗೆ ಬಂದುಬಿಟ್ಟಿತು.

"ಈಗ ಕೀ ತಿರುಗಿಸು. ಹೊಸಬರ ಕೈಗೆ ಮೊದಲ ಸಲಕ್ಕೆ ಏಳಲ್ಲ, ಕಲಿಯೋವಾಗ ನನಗೇ ಎದ್ದಿರ್ಲಿಲ್ಲ. ಹೆದರ್ಬೇಡ."

ಕಿರಿಯವಳು ತಿರುಗಿಸಿದಳು. ಗುಡುಗಪ್ಪ ಒಂದು ಕೆಮ್ಮು ಕೂಡ ಇಲ್ಲದೆ, ಕಾದು ಕೂತವನಂತೆ, ಮೊದಲ ಸಲಕ್ಕೇ ಎದ್ದುಬಿಟ್ಟ.

ದ್ರೋಹಿ, ಎಂದುಕೊಂಡಳು ಹಿರಿಸೊಸೆ.

"ಸರಿಯಾಗಿ ಮಾಡಿದ್ನಾ ಅಕ್ಕಾ?" ಸದ್ದಿನ ಮೇಲೆ ಕಿರಿಯವಳು ಕೂಗಿ ಕೇಳಿದಳು. ಅವಳು ದನಿ ಏರಿಸಿದ್ದು ಅದೇ ಮೊದಲು.

ಹಿರಿಸೊಸೆ ಯಂತ್ರದ ಸುತ್ತ ಒಂದು ಸುತ್ತು ಬಂದಳು. ಹೊಗೆ ನೋಡಿದಳು, ಬೆಲ್ಟು ನೋಡಿದಳು, ನೆಲಕ್ಕೆ ಆಯಿಲ್ ತೊಟ್ಟಿಕ್ಕುತ್ತಿದೆಯೇ ಎಂದು ಬಗ್ಗಿ ನೋಡಿದಳು. ಒಂದು ತಪ್ಪೂ ಸಿಗಲಿಲ್ಲ.

"ಕೈ ಒರೆಸ್ಕೋ. ಬಟ್ಟೆಗೆ ಜಿಡ್ಡು ಹತ್ತಿದ್ರೆ ಹೋಗಲ್ಲ" ಎಂದು ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಚಿಂದಿಬಟ್ಟೆ ತೆಗೆದು ಅವಳತ್ತ ಎಸೆದಳು.