ಗೋಡೆ ಮೇಲಿನ ಮುನಿವೆಂಕಟಮ್ಮ

“ಏ ಕರ್ರಿ, ಮೊಕ ತೊಳ್ಕಂಡ್ ಬಾರೇ ಬೇಗ! ಇವತ್ತಿಂದ ಕಂಪ್ನೀಲಿ ಯಾರೂ ಕರ್ರಿ ಅನ್ನಂಗಿಲ್ಲ ಅಂತ ಮೇಡಮ್ಮು ಮೀಟಿಂಗ್ ಕರ್ದವ್ರೆ!”

ಸೂಪರ್‌ವೈಸರ್ ನರಸಿಂಹಯ್ಯ ಜರಡಿ ಶೆಡ್ಡಿನ ಬಾಗಿಲಲ್ಲೇ ನಿಂತು ಕೂಗಿದ. ಒಳಗೆ ಕಾಲಿಟ್ಟರೆ ಅವನ ಅಂಗಿಗೆ ಮಸಿ ಹತ್ತುತ್ತದೆ. ಒಳಗಿದ್ದ ಹೆಂಗಸರಲ್ಲಿ ಯಾರನ್ನು ಕೂಗಿದ ಅಂತ ಯಾರೂ ಕೇಳಲಿಲ್ಲ. ಅವನಿಗೆ ಎಲ್ಲರೂ ಕರ್ರಿಗಳೇ.

ಬಾಶೆಟ್ಟಿಹಳ್ಳಿಯ ಆ ಕಾರ್ಖಾನೆಯಲ್ಲಿ ಭತ್ತದ ಹೊಟ್ಟು ಸುಟ್ಟು, ಜರಡಿ ಹಿಡಿದು, ಉಪ್ಪು ಲವಂಗ ಬೆರೆಸಿ ಹಲ್ಲುಪುಡಿ ಮಾಡುತ್ತಾರೆ. ಜರಡಿ ಹಿಡಿಯುವವರು ತೂಬಗೆರೆ ಕಡೆಯ ಕೇರಿ ಹೆಂಗಸರು. ಲವಂಗ ಬೆರೆಸುವವರು, ಪ್ಯಾಕ್ ಮಾಡುವವರು ಬೇರೆಯವರು. ಹೀಗೇ ಇರಬೇಕು ಅಂತ ಯಾರೂ ಎಲ್ಲೂ ಬರೆದಿಟ್ಟಿಲ್ಲ, ಆದರೂ ಒಂದು ದಿನವೂ ಅದಲುಬದಲಾಗಿಲ್ಲ.

ಪುಡಿಯ ಹೆಸರು ‘ಕರ್ರಿ ಹಲ್ಲುಪುಡಿ’. ಪೊಟ್ಟಣದ ಮೇಲೆ ಒಬ್ಬ ಹೆಂಗಸಿನ ಮುಖ. ಇದ್ದಿಲಿನಷ್ಟು ಕಪ್ಪು, ಬಾಯಿ ತುಂಬ ನಗು. ಅದೇ ಮುಖ ದೊಡ್ಡದಾಗಿ ಕಾಂಪೌಂಡಿನ ಗೋಡೆ ಮೇಲೆ, ರಸ್ತೆ ಕಡೆಗೆ.

ಜರಡಿ ಹಿಡಿಯುವ ಮುನಿತಾಯಮ್ಮ ನಲ್ಲಿಯ ಹತ್ತಿರ ಮುಖ ತೊಳೆದಳು. ನೀರು ಕರ್ರಗೆ ಹರಿಯಿತು. ಇನ್ನೊಂದು ಸಲ ತೊಳೆದಳು. ಮುಖ ಹೇಗಿತ್ತೋ ಹಾಗೇ ಇತ್ತು.

ಅಂಗಳದಲ್ಲಿ ಓನರ್ ಸೊಸೆ ಪ್ರಮೋದಾ ಮೈಕು ಹಿಡಿದು ನಿಂತಿದ್ದಳು.

“ನೋಡಿ, ನಮ್ಮ ಪುಡಿ ಈಗ ಫಾರಿನ್‌ಗೆ ಹೋಗ್ತಿದೆ. ಕಪ್ಪಗಿರೋರ ಮುಖ ಹಾಕಿ, ಬಣ್ಣ ನೋಡಿ ಹೆಸರಿಟ್ಟು ವ್ಯಾಪಾರ ಮಾಡೋದು ತಪ್ಪಲ್ವಾ ಅಂತ ಅಲ್ಲಿ ಕೇಳಿದ್ರು. ಅಲ್ಲಿ ಎಷ್ಟೋ ಹಳೇ ಕಂಪನಿಗಳು, ಆಟದ ಟೀಮ್‌ಗಳು ಕೂಡ ಹೆಸರು ಬದಲಾಯಿಸ್ಕೊಂಡಿವೆ. ನಿಜ ಹೇಳ್ಬೇಕಂದ್ರೆ ನನಗೆ ನಿದ್ದೇನೇ ಬರ್ಲಿಲ್ಲ. ಇನ್ಮೇಲೆ ನಮ್ಮ ಬ್ರ್ಯಾಂಡು ‘ಶುಭ್ರ’! ಎಲ್ಲಾ ಚಪ್ಪಾಳೆ ತಟ್ಟಿ!”

ತಟ್ಟಿದರು. ಜೊತೆಗೆ ಜರಡಿ ಹಿಡಿಯುವ ಅನುಸೂಯಮ್ಮನ ಅಂಗೈಯಿಂದ ಮಸಿ ಹಾರಿತು.

“ಯಾರ್ಗೆ ಬೇಜಾರಾಯ್ತಂತೆ ಅಮ್ಮಾ?” ಅವಳು ಕೇಳಿದಳು.

“ಅಲ್ಲಿರೋ ಕರಿಯರಿಗೆ.”

“ಓ... ಅಲ್ಲೀವ್ರಿಗಾ.”

ಹಿಂದಿನ ಸಾಲಿನಲ್ಲಿ ಕಿಸಕ್ಕಂತ ಯಾರೋ ನಕ್ಕರು. ನರಸಿಂಹಯ್ಯ ಹಲ್ಲು ಕಡಿದ. “ಮುಚ್ಚೇ ಬಾಯಿ, ಮುಂಡೆ.” ಮೆಲ್ಲಗೇ ಅಂದ, ಮೇಡಮ್ಮಿಗೆ ಕೇಳಿಸದ ಹಾಗೆ.

ಎಲ್ಲರೂ ಹೋದ ಮೇಲೆ ಮುನಿತಾಯಮ್ಮ ಅಲ್ಲೇ ನಿಂತಳು.

“ಅಮ್ಮಾ, ಆ ಪ್ಯಾಕೀಟಿನ್ ಮೇಲಿರೋದು ನಮ್ಮವ್ವ. ಮುನಿವೆಂಕಟಮ್ಮ ಅಂತ. ಇಲ್ಲೇ ಜರ್ಡಿ ಹಿಡೀತಿದ್ಲು.”

ಪ್ರಮೋದಾ ಕೈಯನ್ನು ಎದೆ ಮೇಲಿಟ್ಟುಕೊಂಡಳು. “ಅಯ್ಯೋ! ನಿಮ್ಮ ತಾಯೀನಾ? ನನಗೆ ಗೊತ್ತೇ ಇರ್ಲಿಲ್ಲ. ಸಾರಿ ಅಮ್ಮಾ. ಎಷ್ಟು ನೋವಾಗಿರ್ಬೇಕು ನಿಮಗೆ. ನೋಡಿ, ಅದಕ್ಕೇ ತೆಗೀತಿರೋದು.”

“ತೆಗೀರಿ. ಒಂದೇ ಒಂದು ಹಳೇ ಪ್ಯಾಕೀಟು ಕೊಡಿ. ಖಾಲೀದಾದ್ರೂ ಸರಿ. ಅಮಾಸೆ ಬತ್ತಾ ಐತೆ, ಹಿರಿಯರ ಹಬ್ಬ. ಎಡೆ ಮುಂದೆ ಇಕ್ಕಾಕೆ ಅವ್ವಂದು ಬೇರೆ ಪೋಟ ಇಲ್ಲ.”

ಇರಲಿಲ್ಲ. ಓಟಿನ ಕಾರ್ಡಿನಲ್ಲಿ ಒಂದು ಫೋಟೋ ಇತ್ತು, ಅದರಲ್ಲಿ ಎರಡು ಕಣ್ಣಿನ ಚುಕ್ಕಿ ಬಿಟ್ಟರೆ ಬರೀ ಕಪ್ಪು. ಹಾಗಾಗಿ ಅವ್ವ ಸತ್ತಾಗಿನಿಂದ ಪ್ರತಿ ವರ್ಷ ಮುನಿತಾಯಮ್ಮ ಒಂದು ಹೊಸ ಪೊಟ್ಟಣ ತರುತ್ತಿದ್ದಳು. ‘ಕರ್ರಿ’ ಅನ್ನುವ ಹೆಸರು ಹಿಂದಕ್ಕೆ ಹೋಗುವ ಹಾಗೆ ಮಡಚುತ್ತಿದ್ದಳು. ಮುಖ ಮಾತ್ರ ಉಳಿಯುತ್ತಿತ್ತು. ಅದಕ್ಕೆ ಕುಂಕುಮ ಇಟ್ಟು, ಹೂವು ಮುಡಿಸಿ, ಗೋಡೆಗೆ ಒರಗಿಸುತ್ತಿದ್ದಳು. ಕೇರಿಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ನಗುತ್ತಿರಲಿಲ್ಲ. ಹೋದ ವರ್ಷದ್ದನ್ನು ಇಲಿ ಕಡಿದಿತ್ತು.

“ಅವಮಾನ ಅಲ್ವೇನಮ್ಮಾ ಅದು? ಅದನ್ನೇ ಯಾಕೆ ಇಟ್ಕೋಬೇಕು ನೀವು?” ಪ್ರಮೋದಾ ನಿಜವಾಗಿಯೂ ಅರ್ಥವಾಗದೆ ಕೇಳಿದಳು.

“ಅವಮಾನಾನೇ ಕಣಮ್ಮಾ. ಮೊಕಾನೂ ಅದೇಯಾ.”

ಪ್ರಮೋದಾ ತಲೆ ತಗ್ಗಿಸಿದಳು. ಆಮೇಲೆ ಇಲ್ಲ ಅಂದಳು. ಅಂಗಡಿಗಳಲ್ಲಿದ್ದುದನ್ನೂ ವಾಪಸ್ ತರಿಸಿ ಹಳೇ ಪೊಟ್ಟಣವನ್ನೆಲ್ಲ ಚೂರು ಮಾಡುತ್ತೇವೆ, ಒಂದೂ ಹೊರಗೆ ಹೋಗುವುದಿಲ್ಲ ಅಂತ ಫಾರಿನ್‌ನವರಿಗೆ ಮಾತು ಕೊಟ್ಟಾಗಿದೆ. ಯಾರಾದರೂ ಫೋಟೋ ತೆಗೆದು ಹಾಕಿದರೆ ಆರ್ಡರೇ ಹೋಗುತ್ತದೆ. “ಬೇಕಾದ್ರೆ ಹಬ್ಬಕ್ಕೆ ಒಂದು ಸೀರೆ ಕೊಡಿಸ್ತೀನಿ.”

“ಸೀರೆ ಐತೆ ಅಮ್ಮಾ,” ಅಂದಳು ಮುನಿತಾಯಮ್ಮ.

ಅವತ್ತಿನಿಂದ ಗೇಟಿನಲ್ಲಿ ಹೆಂಗಸರ ಸೆರಗು ಕೊಡವಿಸಿ ನೋಡತೊಡಗಿದರು.

ಸಂಜೆ ಕಂಪನಿ ಬಸ್ಸಿನಲ್ಲಿ ಅನುಸೂಯಮ್ಮ ಪಕ್ಕ ಬಂದು ಕೂತಳು. “ಏನೇ, ಪ್ಯಾಕೀಟು ಕೊಡ್ಲಿಲ್ಲ ಅಂತ ಮೊಕ ಇಳೇ ಬಿಟ್ಕಂಡಿದೀಯಾ? ನಿಮ್ಮವ್ವ ಬದುಕಿದ್ದಾಗ ಆ ಗೋಡೆ ಕಂಡ್ರೆ ಉಗೀತಿದ್ಲಲ್ಲೇ! ಬಸ್ಸು ಆ ತಿರುವಿಗೆ ಬಂದ್ರೆ ಸೆರಗ್ ಮುಚ್ಕಳೋಳು.”

“ಉಗೀತಿದ್ಲು.”

“ಮತ್ತೆ?”

“ಮತ್ತೇನಿಲ್ಲ. ಉಗ್ಯೋಕಾದ್ರೂ ಒಂದ್ ಮೊಕ ಬೇಡ್ವೇನೇ?”

ಅನುಸೂಯಮ್ಮ ನಗಲು ಬಾಯಿ ತೆರೆದವಳು ಕೆಮ್ಮಿದಳು. ಕರವಸ್ತ್ರಕ್ಕೆ ಕರೀ ಕಫ ಬಿತ್ತು. “ಶುಭ್ರ,” ಅಂತ ಅದನ್ನು ಮಡಚಿಕೊಂಡಳು.

ಅಮಾವಾಸ್ಯೆ ದಿನ ರಜೆ ಕೊಡಲಿಲ್ಲ. ಅವತ್ತೇ ಹೊಸ ಹೆಸರಿನ ವಿಡಿಯೋ ತೆಗೆಯುತ್ತಾರಂತೆ. ಮುನಿತಾಯಮ್ಮ ಕೋಳಿಯೂ ಕೂಗದ ಹೊತ್ತಿಗೆದ್ದು ಮುದ್ದೆ ತಿರುವಿದಳು, ಸಾರು ಮಾಡಿದಳು, ವಡೆ ಸುಟ್ಟಳು. ಎಲ್ಲ ಡಬ್ಬಿಗೆ ತುಂಬಿ, ಅವ್ವನಿಗೆ ಬೇಕಾದ ಹೊಗೆಸೊಪ್ಪು ಸೊಂಟಕ್ಕೆ ಸಿಕ್ಕಿಸಿ ಬಸ್ಸು ಹತ್ತಿದಳು.

ಗೇಟಿನ ಹತ್ತಿರ ಇಳಿದಾಗ ಪೇಂಟರ್ ಅಕೀಬ್ ಆಗಲೇ ಗೋಡೆ ಮುಂದಿದ್ದ. ಅವನು ಅಕ್ಷರಗಳಿಂದ ಶುರು ಮಾಡಿದ್ದ. ‘ಕರ್ರಿ’ ಹೋಗಿತ್ತು, ‘ಹಲ್ಲುಪುಡಿ’ ಹೋಗಿತ್ತು. ಹೆಸರಿಲ್ಲದ ಮುಖವೊಂದೇ ಉಳಿದಿತ್ತು. ಈ ಗೋಡೆ ಮೇಲೆ ಅವ್ವನನ್ನು ಹಾಗೆ ಅವಳು ಯಾವತ್ತೂ ನೋಡಿರಲಿಲ್ಲ. ಮಡಚುವ ಕೆಲಸವೇ ಇರಲಿಲ್ಲ.

“ಅಕೀಬಣ್ಣಾ, ಒಂದ್ ಗಳಿಗೆ ನಿಲ್ಸು.”

“ಯಾಕಕ್ಕಾ? ಮೇಡಂ ಬರೋ ಟೈಮಾಯ್ತು.”

ಅವಳು ನೆಲ ಗುಡಿಸಿ, ಬಾಳೆ ಎಲೆ ಹಾಸಿದಳು. ಮುದ್ದೆ, ಸಾರು, ವಡೆ ಬಡಿಸಿದಳು. ಹೊಗೆಸೊಪ್ಪು ಇಟ್ಟಳು. ಅಕೀಬ್ ಎಲೆ ನೋಡಿದ, ಗೋಡೆ ನೋಡಿದ, ಅವಳ ಮುಖ ನೋಡಿದ. ರೋಲರನ್ನು ಬಕೆಟ್ಟಿಗೆ ಹಾಕಿದ.

“ನಾನು ಚಾ ಕುಡ್ದು ಬರ್ತೀನಿ ಅಕ್ಕಾ. ನಿಧಾನವಾಗಿ ಮುಗ್ಸಿ,” ಅಂದು ರಸ್ತೆ ದಾಟಿದ.

ಊದುಬತ್ತಿ ಹಚ್ಚುವಷ್ಟರಲ್ಲಿ ನರಸಿಂಹಯ್ಯ ಓಡಿ ಬಂದ. “ಏಯ್! ಏನೇ ಇದು ನಿಂದು ತಿಥಿ? ಕ್ಯಾಮ್ರಾದೋರ ಕಾರು ಬತ್ತಾ ಐತೆ! ಎತ್ತೇ ಎಲೇನಾ!”

“ಅವ್ವ ಉಣ್ಲಿ. ಎತ್ತೀನಿ.”

“ನಿಮ್ಮವ್ವನ್... ಲೌಡಿ, ನನ್ ಕೆಲ್ಸ ಕಳೀಬೇಕು ಅಂತಿದೀಯಾ?” ಎಲೆಯನ್ನು ಒದೆಯಲು ಕಾಲೆತ್ತಿದ. ಎತ್ತಿದ ಕಾಲು ನಿಂತಿತು. ಅವನ ಮನೆಯಲ್ಲೂ ಅವತ್ತು ಅಪ್ಪನಿಗೆ ಎಡೆ ಇಟ್ಟಿದ್ದರು. ಎಡೆ ತುಳಿಯುವ ಧೈರ್ಯ ಬರಲಿಲ್ಲ. ಸುತ್ತಿ ಬಳಸಿ ಹೋಗಿ ಬಕೆಟ್ಟಿನಿಂದ ರೋಲರ್ ತೆಗೆದ.

ಮುನಿತಾಯಮ್ಮ ಎದ್ದು ಗೋಡೆಗೆ ಬೆನ್ನು ಕೊಟ್ಟು ನಿಂತಳು.

“ಜರುಗೇ ಕರ್ರಿ.”

“ಯಾರ್ನ ಸ್ವಾಮಿ ಕರೀತಿರೋದು? ಆ ಹೆಸ್ರು ಅಳ್ಸಾಯ್ತಲ್ಲ.”

ಗೇಟಿನ ಹತ್ತಿರ ಹೆಂಗಸರು ನಿಂತುಬಿಟ್ಟರು. ಅನುಸೂಯಮ್ಮ, “ಬ್ಯಾಡ ಬಾರೇ, ಬಾರೇ ತಾಯೀ,” ಅಂತ ಅಳುದನಿಯಲ್ಲಿ ಕರೆದಳು.

ನರಸಿಂಹಯ್ಯ ರೋಲರ್ ಎತ್ತಿದ. ಮೊದಲು ಅವಳ ತಲೆಯ ಮೇಲೆ ಕಾಣುತ್ತಿದ್ದ ಅವ್ವನ ಹಣೆ ಹೋಯಿತು. ಕಣ್ಣು ಹೋದವು. ಆಚೆ ಕಿವಿ, ಈಚೆ ಕಿವಿ. ರೋಲರ್ ಹತ್ತಿರ ಹತ್ತಿರ ಬಂತು. ಅವಳು ಅಲುಗಲಿಲ್ಲ.

“ಜರುಗ್ತೀಯೋ ಇಲ್ವೋ?”

ಅವನು ಒಮ್ಮೆ ರಸ್ತೆ ಕಡೆ ನೋಡಿದ. ಬಿಳಿ ಕಾರು ತಿರುವಿನಲ್ಲಿ ಕಾಣಿಸಿತು. ಹಲ್ಲು ಕಚ್ಚಿ ಅವಳ ಮೇಲೇ ಎಳೆದುಬಿಟ್ಟ. ಕೂದಲು, ಹಣೆ, ಮೂಗು, ಕುತ್ತಿಗೆ. ಇನ್ನೊಂದು ಸಲ ಅದ್ದಿ, ಸೆರಗಿನ ಮೇಲೆ, ತೋಳಿನ ಮೇಲೆ. ಸುಣ್ಣದಂತಹ ಬಿಳಿ ಬಣ್ಣ ರೆಪ್ಪೆಗಳಿಂದ ತೊಟ್ಟಿಕ್ಕಿತು. ಅವಳು ಒರೆಸಿಕೊಳ್ಳಲಿಲ್ಲ.

ಅಕೀಬ್ ಚಾ ಲೋಟ ಹಿಡಿದುಕೊಂಡೇ ರಸ್ತೆಯಾಚೆ ನಿಂತಿದ್ದ.

ಕಾರು ನಿಂತಿತು. ಪ್ರಮೋದಾ ಗಾಜು ಇಳಿಸಿದಳು. ಗೋಡೆಯ ಉದ್ದಕ್ಕೂ ಎಲ್ಲ ಬೆಳ್ಳಗಿತ್ತು. ನಡುವೆ ಬೆಳ್ಳಗಿನ ಹೆಂಗಸೊಬ್ಬಳು ಎರಡೂ ಅಂಗೈಯನ್ನು ಹಿಂದಕ್ಕೆ ಗೋಡೆಗೆ ಒತ್ತಿ ನಿಂತಿದ್ದಳು. ಅವಳ ಹಿಂದೆ, ಬೆನ್ನಿನಷ್ಟು ಅಗಲ ಅವ್ವನ ಮುಖ ಮಾತ್ರ ಯಾರ ಕೈಗೂ ಸಿಕ್ಕಿರಲಿಲ್ಲ.

“ಯಾರದು?” ಪ್ರಮೋದಾ ಕೇಳಿದಳು.

ನರಸಿಂಹಯ್ಯ ಬಾಯಿ ತೆರೆದ. ಏನಂತ ಹೇಳಬೇಕೋ ಅವನಿಗೆ ಹೊಳೆಯಲಿಲ್ಲ. ಇಷ್ಟು ವರ್ಷದಲ್ಲಿ ಅವಳ ಹೆಸರು ಕೇಳಿರಲೇ ಇಲ್ಲ.